ಮೂಳೆಯ ಚೂರೂ ಕಾಣಿಕೆಯೇ



ಸೊಂಟದ ಕೀಲು ಬದಲಾಯಿಸಿಕೊಂಡವರು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಅಪರೂಪವಲ್ಲ. ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿದಾಗ ಕುರ್ಚಿಯಲ್ಲೇ ಕುಳಿತು ತಲೆಬಾಗುವ ಹಿರಿಯರನ್ನು ನೀವೂ ಬಲ್ಲಿರಿ. ಶಸ್ತ್ರಚಿಕಿತ್ಸೆಯ ನಂತರ ಹತ್ತು, ಹದಿನೈದು, ಇಪ್ಪತ್ತು ವರ್ಷ ಅವರು ನೆಮ್ಮದಿಯಾಗಿ ನಡೆದಾಡುತ್ತಾರೆ. ಆಮೇಲೆ ಕೆಲವರಿಗೆ ನೋವು ಮರಳುತ್ತದೆ. ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. ಎಕ್ಸ್‌ರೇ ನೋಡಿದ ವೈದ್ಯರು, ಹಾಕಿದ ಕೀಲು ಸಡಿಲವಾಗಿದೆ, ಅದರ ಸುತ್ತಲಿನ ಮೂಳೆ ಕರಗಿದೆ, ಮತ್ತೆ ಶಸ್ತ್ರಚಿಕಿತ್ಸೆ ಮಾಡಿ ದಾನಿಯ ಮೂಳೆಯನ್ನು ತುಂಬಬೇಕಾಗಬಹುದು ಎನ್ನುತ್ತಾರೆ.

ಎರಡನೆಯ ಶಸ್ತ್ರಚಿಕಿತ್ಸೆ ಎಂಬ ಮಾತನ್ನು ಹಿರಿಯರು ಹೇಗೋ ಸಹಿಸಿಕೊಳ್ಳುತ್ತಾರೆ. ಆದರೆ ದಾನಿಯ ಮೂಳೆ ಎಂಬ ಮಾತು ಅವರ ಮನಸ್ಸನ್ನು ಕಲಕಿಬಿಡುತ್ತದೆ. ವೈದ್ಯರ ಮುಂದೆ ತಲೆಯಾಡಿಸಿ ಬಂದವರು ಗುರುಗಳ ಮುಂದೆ ಬಾಯಿ ಬಿಡುತ್ತಾರೆ. ಸ್ವಾಮಿ, ಯಾರದೋ ಮೂಳೆಯನ್ನು ನನ್ನ ಮೈಯಲ್ಲಿ ಇಟ್ಟುಕೊಳ್ಳುವುದು ಸರಿಯೇ? ಅದು ಸತ್ತವರದ್ದಾದರೆ? ಯಾವ ಜಾತಿಯವರದೋ, ಯಾವ ರೋಗದವರದೋ? ಪುನರುತ್ಥಾನದ ದಿನ ಆ ಮೂಳೆ ಯಾರಿಗೆ ಸೇರುತ್ತದೆ? ಇವು ನಗುವ ಪ್ರಶ್ನೆಗಳಲ್ಲ. ಇವುಗಳಿಗೆ ಉತ್ತರ ಸಿಗದೆ ಕೆಲವರು ಚಿಕಿತ್ಸೆಯನ್ನೇ ಬೇಡವೆಂದು ಹಾಸಿಗೆ ಹಿಡಿಯುತ್ತಾರೆ. ಆದ್ದರಿಂದ ಈ ವಾರ ನಾವೆಲ್ಲ ಕುಳಿತು ಇದನ್ನು ಸಾವಧಾನವಾಗಿ ಯೋಚಿಸೋಣ.

ಮೂಳೆ ಏಕೆ ಕರಗುತ್ತದೆ?

ದೇವರು ನಮ್ಮ ಸೊಂಟದಲ್ಲಿ ಇಟ್ಟಿರುವ ಕೀಲು ಒಂದು ಚೆಂಡು ಮತ್ತು ಒಂದು ಬಟ್ಟಲು. ತೊಡೆಮೂಳೆಯ ತಲೆಯೇ ಚೆಂಡು, ಸೊಂಟದ ಮೂಳೆಯಲ್ಲಿರುವ ಗುಳಿಯೇ ಬಟ್ಟಲು. ಇವೆರಡರ ನಡುವಿನ ನುಣುಪಾದ ಪದರ ಸವೆದಾಗ ಒಂದೊಂದು ಹೆಜ್ಜೆಯೂ ಯಾತನೆಯಾಗುತ್ತದೆ. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್‌ಲಿ ಎಂಬ ಶಸ್ತ್ರಚಿಕಿತ್ಸಕರು ಇದಕ್ಕೆ ಪರಿಹಾರ ಹುಡುಕಿದರು. ಉಕ್ಕಿನ ಚೆಂಡು, ಟೆಫ್ಲಾನ್ ಎಂಬ ಪ್ಲಾಸ್ಟಿಕ್ಕಿನ ಬಟ್ಟಲು ಅವರ ಮೊದಲ ಪ್ರಯತ್ನ. ಆ ಪ್ಲಾಸ್ಟಿಕ್ ಬೇಗನೆ ಸವೆದು ಆ ಕೀಲುಗಳು ಕೆಟ್ಟವು. ಅವರು ಕೈಬಿಡಲಿಲ್ಲ. 1962ರಲ್ಲಿ ಇನ್ನಷ್ಟು ಗಟ್ಟಿಯಾದ ಪಾಲಿಎಥಿಲೀನ್ ಬಟ್ಟಲನ್ನು ಬಳಸಿ, ಮೂಳೆಗೆ ಅಕ್ರಿಲಿಕ್ ಸಿಮೆಂಟಿನಿಂದ ಅಂಟಿಸಿ, ಇಂದಿಗೂ ಮಾದರಿಯಾಗಿರುವ ಕೀಲನ್ನು ರೂಪಿಸಿದರು. ಲಕ್ಷಾಂತರ ಜನ ಮತ್ತೆ ಎದ್ದು ನಡೆದರು.

ಆದರೆ ಮನುಷ್ಯ ಮಾಡಿದ್ದು ಸವೆಯುತ್ತದೆ. ವರ್ಷಗಟ್ಟಲೆ ಉಜ್ಜಿದಾಗ ಬಟ್ಟಲಿನಿಂದ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಉದುರುತ್ತವೆ. ದೇಹದ ಕಾವಲು ಕಣಗಳು ಅವನ್ನು ಶತ್ರುವೆಂದು ನುಂಗುತ್ತವೆ, ಜೀರ್ಣಿಸಲಾರದೆ ಕೆರಳುತ್ತವೆ. ಆ ಕೆರಳಿಕೆಯಿಂದ ಸುತ್ತಲಿನ ಮೂಳೆಯೇ ಕರಗತೊಡಗುತ್ತದೆ. ಗೆದ್ದಲು ಹಿಡಿದ ಗೋಡೆಗೆ ಹೊಡೆದ ಮೊಳೆಯಂತೆ ಕೀಲು ಅಲುಗಾಡುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನೂರು ಕೃತಕ ಸೊಂಟದ ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಇದು ದೊಡ್ಡ ವರದಾನವೇ ಸರಿ. ಉಳಿದವರ ಪಾಡೇನು? ಹೊಸ ಕೀಲನ್ನು ನಿಲ್ಲಿಸಲು ಗಟ್ಟಿ ಮೂಳೆ ಬೇಕು. ಆ ಮೂಳೆಯೇ ಇಲ್ಲದಿದ್ದರೆ ಎಷ್ಟು ಒಳ್ಳೆಯ ಕೀಲಿದ್ದರೂ ಏನು ಪ್ರಯೋಜನ? ಮರಳಿನ ಮೇಲೆ ಮನೆ ಕಟ್ಟಿದವನ ಕಥೆಯನ್ನು ಪ್ರಭು ಯೇಸು ನಮಗೆ ಹೇಳಿದ್ದಾರಲ್ಲವೇ?

ಒಡೆದ ಮೂಳೆಯ ಕೆಲಸ

ಈ ತೊಡಕನ್ನು ಬಿಡಿಸಲು ನೆದರ್‌ಲ್ಯಾಂಡ್ಸ್ ದೇಶದ ನೈಮೇಖನ್ ನಗರದಲ್ಲಿ ಟಾಮ್ ಸ್ಲೋಫ್ ಎಂಬ ವೈದ್ಯರೂ ಅವರ ಸಂಗಡಿಗರೂ 1979ರಲ್ಲಿ ಒಂದು ವಿಧಾನವನ್ನು ಕೈಗೊಂಡರು. ದಾನಿಯ ಮೂಳೆಯನ್ನು ಸಣ್ಣ ಸಣ್ಣ ಚೂರುಗಳಾಗಿ ಮಾಡುವುದು, ಕರಗಿಹೋದ ಬಟ್ಟಲಿನ ಜಾಗದಲ್ಲಿ ಆ ಚೂರುಗಳನ್ನು ಪದರ ಪದರವಾಗಿ ಹಾಕಿ ಗಟ್ಟಿಯಾಗಿ ಜಡಿಯುವುದು, ತೂತು ಬಿದ್ದ ಕಡೆ ಲೋಹದ ಜಾಲರಿ ಇಡುವುದು, ಅದರ ಮೇಲೆ ಸಿಮೆಂಟ್ ಹಾಕಿ ಹೊಸ ಬಟ್ಟಲನ್ನು ಕೂರಿಸುವುದು. ನಮ್ಮ ಹಳ್ಳಿಗಳಲ್ಲಿ ಮನೆಯ ನೆಲಕ್ಕೆ ಜಲ್ಲಿ ಹಾಕಿ ದಿಮ್ಮಸು ಬಡಿಯುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. 1987ರಿಂದ ಇಂಗ್ಲೆಂಡಿನ ಎಕ್ಸಿಟರ್ ನಗರದ ವೈದ್ಯರು ತೊಡೆಮೂಳೆಯ ಒಳಗೂ ಹೀಗೆಯೇ ಚೂರುಗಳನ್ನು ಜಡಿದು ಹೊಸ ಕಾಂಡವನ್ನು ನಿಲ್ಲಿಸತೊಡಗಿದರು. ಇಂದು ಈ ವಿಧಾನ ಅನೇಕ ದೇಶಗಳಲ್ಲಿ ನಡೆಯುತ್ತಿದೆ.

ಈ ಚೂರುಗಳು ಎಲ್ಲಿಂದ ಬರುತ್ತವೆ? ಕೆಲವು ಮರಣ ಹೊಂದಿದ ದಾನಿಗಳಿಂದ ಬರುತ್ತವೆ. ಆದರೆ ಬಹಳಷ್ಟು ಬರುವುದು ನಮ್ಮ ನಿಮ್ಮಂತೆ ಬದುಕಿರುವವರಿಂದ. ಮೊದಲ ಬಾರಿ ಸೊಂಟದ ಕೀಲು ಬದಲಾಯಿಸುವಾಗ ವೈದ್ಯರು ತೊಡೆಮೂಳೆಯ ಸವೆದ ತಲೆಯನ್ನು ಕತ್ತರಿಸಿ ತೆಗೆಯಲೇಬೇಕು. ಯಾರೂ ಕೇಳದಿದ್ದರೆ ಅದು ಆಸ್ಪತ್ರೆಯ ಕಸಕ್ಕೆ ಹೋಗುತ್ತದೆ. ರೋಗಿ ಒಪ್ಪಿದರೆ ಅದು ಮೂಳೆ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ದಾನಿಯ ರಕ್ತವನ್ನು ಏಡ್ಸ್ ವೈರಾಣು, ಹೆಪಟೈಟಿಸ್, ಸಿಫಿಲಿಸ್ ಮುಂತಾದವುಗಳಿಗಾಗಿ ಪರೀಕ್ಷಿಸುತ್ತಾರೆ. ಮೂಳೆಯನ್ನು ಶೂನ್ಯಕ್ಕಿಂತ ಸುಮಾರು 80 ಡಿಗ್ರಿ ಕೆಳಗಿನ ಶೀತದಲ್ಲಿ ಇಡುತ್ತಾರೆ. ಕೆಲವು ಬ್ಯಾಂಕುಗಳು ಅದನ್ನು ಒಣಗಿಸಿ, ಗಾಮಾ ಕಿರಣಗಳಿಂದ ಶುದ್ಧಿ ಮಾಡುತ್ತವೆ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಅಂಗಾಂಶ ಬ್ಯಾಂಕ್ 1988ರಲ್ಲಿ ಆರಂಭವಾಗಿ ಈ ಕಾರ್ಯಕ್ಕೆ ದಾರಿ ತೋರಿತು. ಒಬ್ಬ ರೋಗಿಯ ಮರುಶಸ್ತ್ರಚಿಕಿತ್ಸೆಗೆ ಎಷ್ಟೋ ಬಾರಿ ಇಬ್ಬರು ಮೂವರು ದಾನಿಗಳ ಮೂಳೆ ಬೇಕಾಗುತ್ತದೆ.

ಈಗ ಆ ಚೂರುಗಳು ಒಳಗೆ ಏನು ಮಾಡುತ್ತವೆ ಎಂಬುದನ್ನು ಕೇಳಿ. ದಾನಿಯ ಮೂಳೆಯ ಜೀವಕಣಗಳು ಸತ್ತಿರುತ್ತವೆ. ಅದು ಒಂದು ಅಟ್ಟಣಿಗೆ ಮಾತ್ರ. ಆದ್ದರಿಂದಲೇ ಮೂತ್ರಪಿಂಡದ ಕಸಿಯಲ್ಲಿ ಬೇಕಾಗುವಂತೆ ಜೀವಮಾನವಿಡೀ ಔಷಧಿ ನುಂಗುವ ಅಗತ್ಯ ಇಲ್ಲಿಲ್ಲ. ರೋಗಿಯ ಸ್ವಂತ ರಕ್ತನಾಳಗಳು ಈ ಚೂರುಗಳೊಳಗೆ ಮೆಲ್ಲಮೆಲ್ಲನೆ ತೂರಿಕೊಳ್ಳುತ್ತವೆ. ರೋಗಿಯ ಕಣಗಳು ಹಳೆಯ ಮೂಳೆಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಆ ಜಾಗದಲ್ಲಿ ಹೊಸ ಮೂಳೆಯನ್ನು ಕಟ್ಟುತ್ತವೆ. ತಿಂಗಳುಗಳು, ವರ್ಷಗಳು ಹಿಡಿಯುವ ಕೆಲಸ ಇದು. ದೊಡ್ಡ ಇಡೀ ತುಂಡನ್ನು ಇಟ್ಟರೆ ಅದರೊಳಕ್ಕೆ ಜೀವ ಪೂರ್ತಿ ನುಗ್ಗಲಾರದು. ವರ್ಷಗಳ ನಂತರ ಅಂಥ ತುಂಡು ಕುಸಿಯುವುದೂ ಉಂಟು. ಒಡೆದ ಚೂರುಗಳ ನಡುವೆಯೋ, ಜೀವಕ್ಕೆ ದಾರಿ ಸಿಗುತ್ತದೆ.

ಇದನ್ನು ಕೇಳಿದಾಗ ಕ್ರೈಸ್ತನ ಮನಸ್ಸಿಗೆ ಏನು ನೆನಪಾಗಬೇಕು? ಪ್ರತಿ ಬಲಿಪೂಜೆಯಲ್ಲಿ ಗುರು ರೊಟ್ಟಿಯನ್ನು ಮುರಿಯುತ್ತಾನೆ. ಮುರಿಯದೆ ಹಂಚಲಾಗದು. ನೆಲಕ್ಕೆ ಬಿದ್ದು ಸಾಯದ ಗೋಧಿಯ ಕಾಳು ಒಂಟಿಯಾಗಿಯೇ ಉಳಿಯುತ್ತದೆ ಎಂದು ಸಂತ ಯೊವಾನ್ನರ ಶುಭಸಂದೇಶದಲ್ಲಿ ಪ್ರಭು ತಿಳಿಸುತ್ತಾರೆ. ಕೊಟ್ಟ ಮೂಳೆ ತಾನು ಕಾಣದಂತೆ ಕರಗಿ, ಪಡೆದವನ ಮೂಳೆಯಾಗಿ ಎದ್ದು ನಿಲ್ಲುತ್ತದೆ. ಕೊಟ್ಟವನ ಹೆಸರು ಅಲ್ಲಿ ಉಳಿಯುವುದಿಲ್ಲ, ಉಳಿಯುವುದು ಪಡೆದವನ ನಡಿಗೆ ಮಾತ್ರ. ಎಡಗೈಗೆ ತಿಳಿಯದಂತೆ ಬಲಗೈ ಕೊಡುವ ದಾನಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಎಲ್ಲಿ ಸಿಕ್ಕೀತು?

ಇದು ಸರಿಯೇ?

ಮೊದಲ ಪ್ರಶ್ನೆಗೆ ಬರೋಣ. ಮೂಳೆಯ ಕಸಿಗೂ ಧಾರ್ಮಿಕ ಭಯಕ್ಕೂ ಹಳೆಯ ನಂಟಿದೆ. 1668ರಲ್ಲಿ ಪ್ರಕಟವಾದ ಡಚ್ ಶಸ್ತ್ರವೈದ್ಯ ಯೋಬ್ ಫಾನ್ ಮೇಕರೆನ್ ಅವರ ಪುಸ್ತಕದಲ್ಲಿ ಒಂದು ವೃತ್ತಾಂತವಿದೆ. ರಷ್ಯಾದ ಸೈನಿಕನೊಬ್ಬನ ಒಡೆದ ತಲೆಬುರುಡೆಗೆ ನಾಯಿಯ ಮೂಳೆಯನ್ನು ಕೂಡಿಸಲಾಯಿತಂತೆ. ಪ್ರಾಣಿಯ ಮೂಳೆ ಹೊತ್ತವನು ಎಂದು ಅವನನ್ನು ಆ ನಾಡಿನ ಧರ್ಮಸಭೆ ಹೊರಗಿಟ್ಟಿತಂತೆ. ಅದನ್ನು ತೆಗೆಸಿಕೊಳ್ಳಲು ಅವನು ಮರಳಿ ಬಂದಾಗ, ಮೂಳೆ ಬೇರ್ಪಡಿಸಲಾಗದಂತೆ ಕೂಡಿಕೊಂಡಿತ್ತಂತೆ. ಕಥೆ ಎಷ್ಟು ನಿಜವೋ, ಅದರೊಳಗಿನ ಭಯವಂತೂ ನಿಜ. ಇಂದಿಗೂ ನಮ್ಮ ಹಿರಿಯರ ಕಣ್ಣಲ್ಲಿ ಕಾಣುವುದು ಅದೇ ಭಯ.

ನಮ್ಮ ಕಥೋಲಿಕ ಧರ್ಮಸಭೆ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲದಂತೆ ಮಾತನಾಡಿದೆ. ಜಗದ್ಗುರು ಹನ್ನೆರಡನೇ ಪಿಯೂಸರು 1956ರ ಮೇ ತಿಂಗಳಲ್ಲಿ ಕಣ್ಣಿನ ಪಾರದರ್ಶಕ ಪಟಲವನ್ನು ದಾನ ಮಾಡುವವರನ್ನು ಉದ್ದೇಶಿಸಿ ಮಾತನಾಡುತ್ತಾ, ಸತ್ತವರ ದೇಹದಿಂದ ರೋಗಿಗಳಿಗೆ ಇಂಥ ನೆರವು ಪಡೆಯುವುದು ಸತ್ತವರಿಗೆ ತೋರುವ ಗೌರವಕ್ಕೆ ವಿರುದ್ಧವಲ್ಲ ಎಂದು ವಿವರಿಸಿದರು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಮರಣಾನಂತರದ ದಾನವನ್ನು ಶ್ಲಾಘ್ಯವಾದ, ಪುಣ್ಯಪ್ರದವಾದ ಕಾರ್ಯವೆಂದು ಎಣಿಸುತ್ತದೆ.

ಜಗದ್ಗುರು ಎರಡನೇ ಜಾನ್ ಪಾಲರ ವಿಷಯ ಇನ್ನೂ ಹತ್ತಿರದ್ದು. 1994ರ ಏಪ್ರಿಲ್ ಕೊನೆಯಲ್ಲಿ ಅವರು ಸ್ನಾನದ ಕೋಣೆಯಲ್ಲಿ ಬಿದ್ದು ತೊಡೆಮೂಳೆ ಮುರಿದುಕೊಂಡರು. ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರಿಗೆ ಕೃತಕ ಕೀಲು ಜೋಡಿಸಲಾಯಿತು. ಪರ್ವತಗಳನ್ನು ಹತ್ತುತ್ತಿದ್ದ ಆ ಗಟ್ಟಿಮುಟ್ಟಾದ ಮನುಷ್ಯ ಊರುಗೋಲು ಹಿಡಿದು ಕುಂಟುತ್ತಾ ಬಲಿಪೀಠಕ್ಕೆ ನಡೆಯುವುದನ್ನು ಲೋಕವೆಲ್ಲ ನೋಡಿತು. ಮರುವರ್ಷ, 1995ರಲ್ಲಿ, ಅವರು ಹೊರಡಿಸಿದ ಜೀವದ ಕುರಿತ ವಿಶ್ವಪತ್ರದಲ್ಲಿ ಅಂಗದಾನವನ್ನು ದಿನನಿತ್ಯದ ವೀರಕಾರ್ಯಗಳ ಸಾಲಿನಲ್ಲಿ ಸೇರಿಸಿದರು. ಹುತಾತ್ಮರ ವೀರತ್ವ ಎಲ್ಲರಿಗೂ ಸಿಗುವಂಥದ್ದಲ್ಲ. ಆದರೆ ಒಂದು ಹಾಳೆಗೆ ಸಹಿ ಹಾಕುವ ವೀರತ್ವ ನಮ್ಮೆಲ್ಲರ ಕೈಗೆ ಎಟುಕುತ್ತದೆ.

ನಮ್ಮ ನಾಡಿನವರಿಗೆ ಈ ವಿಚಾರ ಹೊಸತೂ ಅಲ್ಲ. ಲೋಕದ ಹಿತಕ್ಕಾಗಿ ತನ್ನ ಬೆನ್ನೆಲುಬನ್ನೇ ಬಿಟ್ಟುಕೊಟ್ಟ ದಧೀಚಿ ಮಹರ್ಷಿಯ ಕಥೆಯನ್ನು ನಮ್ಮ ನೆರೆಹೊರೆಯ ಹಿಂದೂ ಬಾಂಧವರು ಮಕ್ಕಳಿಗೆ ಹೇಳುತ್ತಾರೆ. ಪುರಾಣದ ಆ ಮೂಳೆಗಳಿಂದ ವಜ್ರಾಯುಧವಾಯಿತು. ನಮ್ಮ ಕಾಲದ ದಾನಿಯ ಮೂಳೆಯಿಂದ ಒಬ್ಬ ಅಜ್ಜಿ ಎದ್ದು ತನ್ನ ಮೊಮ್ಮಗುವಿಗೆ ಗಂಜಿ ಬಡಿಸುತ್ತಾಳೆ.

ಯಾವ ಜಾತಿಯವರದೋ?

ಈ ಪ್ರಶ್ನೆಯನ್ನು ನಾವು ಮುಚ್ಚಿಡಬಾರದು. ಜ್ಞಾನಸ್ನಾನ ಪಡೆದ ಮೇಲೂ ನಮ್ಮ ಮನಸ್ಸಿನ ಮೂಲೆಯಲ್ಲಿ ಜಾತಿ ಕುಳಿತಿದೆ. ಮದುವೆಯ ಮಾತುಕತೆಯಲ್ಲಿ ಅದು ತಲೆ ಎತ್ತುತ್ತದೆ, ಕೆಲವು ಊರುಗಳಲ್ಲಿ ಸಮಾಧಿ ಸ್ಥಳದವರೆಗೂ ಹಿಂಬಾಲಿಸುತ್ತದೆ. ಆಸ್ಪತ್ರೆಯ ಹಾಸಿಗೆಯ ಮೇಲೆ ಅದು ಯಾರದೋ ಮೂಳೆ ಎಂಬ ಮಾತಾಗಿ ಹೊರಬರುತ್ತದೆ.

ಮೂಳೆ ಬ್ಯಾಂಕಿನ ಪೊಟ್ಟಣದ ಮೇಲೆ ಒಂದು ಸಂಖ್ಯೆಯಿರುತ್ತದೆ, ತೆಗೆದ ದಿನಾಂಕವಿರುತ್ತದೆ, ಪರೀಕ್ಷೆಗಳ ವಿವರವಿರುತ್ತದೆ. ಜಾತಿ ಇರುವುದಿಲ್ಲ, ಮತ ಇರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೂ ಅವು ಕಾಣಿಸುವುದಿಲ್ಲ. ಮನುಷ್ಯರು ಕಟ್ಟಿದ ಗೋಡೆಯನ್ನು ಮೂಳೆಯಲ್ಲಿ ಹುಡುಕಿದರೆ ಸಿಗುವುದು ಹೇಗೆ? ನಾವೆಲ್ಲರೂ ಒಂದೇ ದೇಹದ ಅಂಗಗಳೆಂದು ಸಂತ ಪೌಲರು ಕೊರಿಂಥದವರಿಗೆ ಬರೆದರು. ಆ ಮಾತನ್ನು ದೇವಾಲಯದಲ್ಲಿ ಓದಿದಾಗ ದೇವರಿಗೆ ಕೃತಜ್ಞತೆ ಸಲ್ಲಲಿ ಎಂದು ಉತ್ತರಿಸುತ್ತೇವೆ. ಅದೇ ಮಾತು ನಮ್ಮ ಸೊಂಟದೊಳಗೆ ನಿಜವಾಗುವ ಹೊತ್ತಿಗೆ ಹಿಂಜರಿಯುವುದು ಯಾವ ವಿಶ್ವಾಸ?

ಪುನರುತ್ಥಾನದ ದಿನ

ಈಗ ಅತ್ಯಂತ ಆಳವಾದ ಪ್ರಶ್ನೆ. ದೇಹದ ಪುನರುತ್ಥಾನವನ್ನು ವಿಶ್ವಾಸಿಸುತ್ತೇನೆ ಎಂದು ಪ್ರತಿ ಭಾನುವಾರ ಘೋಷಿಸುವ ನಾವು, ಕೊಟ್ಟ ಮೂಳೆಯ ಗತಿ ಏನು ಎಂದು ಕೇಳುವುದು ಸಹಜವೇ.

ಗೋವೆಗೆ ಯಾತ್ರೆ ಹೋಗಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಪವಿತ್ರ ಶರೀರದ ಮುಂದೆ ಪ್ರಾರ್ಥಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಶರೀರದ ಬಲ ಮುಂಗೈ ಅಲ್ಲಿಲ್ಲ. ಸಾವಿರಾರು ಜನರಿಗೆ ಜ್ಞಾನಸ್ನಾನ ನೀಡಿದ ಆ ಕೈಯನ್ನು 1614ರಲ್ಲಿ ಬೇರ್ಪಡಿಸಿ ರೋಮಿಗೆ ಕಳುಹಿಸಲಾಯಿತು. ಇಂದಿಗೂ ಅದು ಅಲ್ಲಿನ ಜೆಸು ದೇವಾಲಯದಲ್ಲಿದೆ. ಸಂತರ ಮೂಳೆಯ ಚೂರುಗಳನ್ನು ಬಲಿಪೀಠಗಳಲ್ಲಿ ಇಡುವುದು ನಮ್ಮ ಪುರಾತನ ಸಂಪ್ರದಾಯ. ಹೀಗೆ ಹಂಚಿಹೋದ ಕಾರಣಕ್ಕೆ ಆ ಸಂತರು ಅಂತಿಮ ದಿನದಲ್ಲಿ ಅಂಗಹೀನರಾಗಿ ಏಳುತ್ತಾರೆ ಎಂದು ನಮ್ಮಲ್ಲಿ ಯಾರಾದರೂ ಭಾವಿಸುತ್ತಾರೆಯೇ?

ಸಂತ ಅಗಸ್ಟೀನರು ದೇವನಗರ ಎಂಬ ತಮ್ಮ ಮಹಾಗ್ರಂಥದ ಕೊನೆಯ ಭಾಗದಲ್ಲಿ ಇದಕ್ಕಿಂತಲೂ ಕಠಿಣವಾದ ಪ್ರಶ್ನೆಯನ್ನು ಎತ್ತಿಕೊಂಡರು. ಬರಗಾಲದಲ್ಲಿ ಒಬ್ಬನ ಮಾಂಸವನ್ನು ಇನ್ನೊಬ್ಬ ತಿಂದರೆ ಪುನರುತ್ಥಾನದಲ್ಲಿ ಅದು ಯಾರದು ಎಂದು ಕೇಳಿಕೊಂಡರು. ಅದು ಮೊದಲು ಯಾರದಾಗಿತ್ತೋ ಅವರಿಗೇ ಸೇರುತ್ತದೆ, ಗಾಳಿಯಲ್ಲಿ ಸೇರಿಹೋದದ್ದನ್ನೂ ಮರಳಿ ಕರೆಯಬಲ್ಲ ದೇವರು ಇಬ್ಬರಿಗೂ ಕೊರತೆಯಾಗದಂತೆ ನೋಡಿಕೊಳ್ಳುತ್ತಾರೆ ಎಂಬುದು ಅವರ ಉತ್ತರದ ಸಾರ. ಸಂತ ಥಾಮಸ್ ಅಕ್ವೀನಾಸರು ಇನ್ನೊಂದು ಹೋಲಿಕೆ ಕೊಟ್ಟರು. ಒಲೆಯಲ್ಲಿ ಹಳೆಯ ಸೌದೆ ಉರಿದುಹೋಗಿ ಹೊಸ ಸೌದೆ ಬೀಳುತ್ತಲೇ ಇದ್ದರೂ ಬೆಂಕಿ ಅದೇ ಬೆಂಕಿ. ಹಾಗೆಯೇ ದೇಹದ ದ್ರವ್ಯ ಬಂದು ಹೋಗುತ್ತಿದ್ದರೂ ಮನುಷ್ಯ ಅದೇ ಮನುಷ್ಯ, ಏಕೆಂದರೆ ಅವನನ್ನು ಹಿಡಿದಿರುವುದು ಅವನ ಆತ್ಮ. ಇಂದಿನ ವಿಜ್ಞಾನ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ. ನಮ್ಮ ಮೂಳೆಗಳು ದಿನದಿನವೂ ಕರಗಿ ಹೊಸದಾಗಿ ಕಟ್ಟಿಕೊಳ್ಳುತ್ತಿವೆ. ಸುಮಾರು ಹತ್ತು ವರ್ಷಗಳಲ್ಲಿ ಅಸ್ಥಿಪಂಜರದ ಬಹುಭಾಗ ಹೊಸದಾಗಿರುತ್ತದೆ. ನಿಮ್ಮ ಮದುವೆಯ ದಿನ ಇದ್ದ ಮೂಳೆಗಳು ಇಂದು ನಿಮ್ಮಲ್ಲಿಲ್ಲ. ಆದರೂ ಅಂದು ಮಾತು ಕೊಟ್ಟವರು ನೀವೇ ಅಲ್ಲವೇ?

ಪವಿತ್ರ ಬೈಬಲಿನ ಒಂದು ಘಟನೆ ನೆನಪಿಸಿಕೊಳ್ಳಿ. ಅರಸುಗಳ ಎರಡನೆಯ ಗ್ರಂಥದಲ್ಲಿ, ಶತ್ರುಗಳ ಭಯದಿಂದ ಜನರು ಒಂದು ಶವವನ್ನು ಅವಸರವಾಗಿ ಪ್ರವಾದಿ ಎಲೀಷನ ಸಮಾಧಿಯೊಳಗೆ ಹಾಕಿದರು. ಆ ಶವ ಪ್ರವಾದಿಯ ಮೂಳೆಗಳಿಗೆ ತಗಲಿದೊಡನೆ ಸತ್ತವನು ಎದ್ದು ನಿಂತನು. ಪ್ರವಾದಿಯ ಮೂಳೆಗಳ ಮೂಲಕ ದೇವರು ಒಬ್ಬ ಹೆಸರಿಲ್ಲದ ಮನುಷ್ಯನನ್ನು ಅವನ ಕಾಲ ಮೇಲೆ ನಿಲ್ಲಿಸಿದರು. ಮೂಳೆಗಳು ಸಾವಿನ ಗುರುತು ಮಾತ್ರವಲ್ಲ, ದೇವರ ಕೈಯಲ್ಲಿ ಅವು ಜೀವದ ಸಾಧನವೂ ಹೌದು.

ಕೇಳಿ ಪಡೆಯಬೇಕು, ನಿಜ ಹೇಳಿ ಕೊಡಬೇಕು

ಹಾಗಾದರೆ ಎಲ್ಲವೂ ಸರಿಯೇ? ಇಲ್ಲ. ಪ್ರೀತಿಯ ಕಾರ್ಯವೂ ಕೆಡಬಹುದು. ಮೂರು ಎಚ್ಚರಗಳನ್ನು ಮನಸ್ಸಿನಲ್ಲಿಡಿ.

ಮೊದಲನೆಯದು ಒಪ್ಪಿಗೆ. ವೈದ್ಯರ ಪಾಲಕರಾದ ಸಂತ ಕೋಸ್ಮಸ್ ಮತ್ತು ದಮಿಯಾನರ ಬಗ್ಗೆ ಮಧ್ಯಯುಗದ ಒಂದು ಐತಿಹ್ಯವಿದೆ. ರೋಮಿನಲ್ಲಿ ದೇವಾಲಯದ ಸೇವಕನೊಬ್ಬನ ತೊಡೆ ಹುಣ್ಣಿನಿಂದ ಕೊಳೆತಿತ್ತು. ಸಂತರು ರಾತ್ರಿ ಕಾಣಿಸಿಕೊಂಡು, ಅಂದೇ ಹೂಳಲ್ಪಟ್ಟಿದ್ದ ಒಬ್ಬ ಇಥಿಯೋಪಿಯದವನ ಕಾಲನ್ನು ತಂದು ಅವನಿಗೆ ಜೋಡಿಸಿದರಂತೆ. ಚಿತ್ರಕಾರ ಫ್ರಾ ಆಂಜೆಲಿಕೊ ಇದನ್ನು ಸೊಗಸಾಗಿ ಚಿತ್ರಿಸಿದ್ದಾರೆ. ಆದರೆ ಆ ಐತಿಹ್ಯದಲ್ಲಿ ಒಂದು ಕೊರತೆಯಿದೆ. ಆ ಇಥಿಯೋಪಿಯದವನನ್ನಾಗಲಿ ಅವನ ಮನೆಯವರನ್ನಾಗಲಿ ಯಾರೂ ಕೇಳಲಿಲ್ಲ. ನಮ್ಮ ಕಾಲದಲ್ಲಿ ಇದು ಐತಿಹ್ಯವಾಗಿ ಉಳಿದಿಲ್ಲ. ಬಿಬಿಸಿಯ ಪ್ರಖ್ಯಾತ ಪ್ರಸಾರಕ ಅಲಿಸ್ಟರ್ ಕುಕ್ 2004ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮ 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಮೂಳೆಗಳನ್ನು ಕಳ್ಳತನದಿಂದ ತೆಗೆದು, ಸುಳ್ಳು ಕಾಗದ ಸೃಷ್ಟಿಸಿ, ಕಸಿಗೆಂದು ಮಾರಲಾಗಿತ್ತು ಎಂಬುದು 2005ರ ಕೊನೆಯಲ್ಲಿ ಬಯಲಾಯಿತು. ಅವರಿಗೆ ಕ್ಯಾನ್ಸರ್ ಇತ್ತು. ಕೇಳದೆ ತೆಗೆದದ್ದು ದಾನವಲ್ಲ, ಅದು ಕಳವು. ಧರ್ಮಸಭೆ ದಾನವನ್ನು ಹೊಗಳುವಾಗಲೆಲ್ಲ ಸ್ವತಂತ್ರವಾದ ಒಪ್ಪಿಗೆಯನ್ನು ಜೊತೆಗೇ ಹೇಳುವುದು ಇದಕ್ಕಾಗಿಯೇ.

ಎರಡನೆಯದು ಸತ್ಯ. 1984ರಲ್ಲಿ ಅಮೆರಿಕದಲ್ಲಿ ದಾನಿಯೊಬ್ಬರ ತೊಡೆಮೂಳೆಯ ತಲೆಯ ಮೂಲಕ, ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದ ಒಬ್ಬ ಮಹಿಳೆಗೆ ಏಡ್ಸ್ ವೈರಾಣು ತಗಲಿತು. ಅದನ್ನು ಕಂಡುಹಿಡಿಯುವ ರಕ್ತಪರೀಕ್ಷೆ ಆಗಿನ್ನೂ ಬಂದಿರಲಿಲ್ಲ. ಇಂದು ಪರೀಕ್ಷೆಗಳಿವೆ, ಅಪಾಯ ತೀರಾ ಕಡಿಮೆಯಾಗಿದೆ. ಆದರೂ ಸೋಂಕು ತಗಲಿದ ಮೊದಲ ದಿನಗಳಲ್ಲಿ ಪರೀಕ್ಷೆಗೆ ಅದು ಸಿಗದಿರಬಹುದು. ಆದ್ದರಿಂದ ದಾನಿಯನ್ನು ಅವನ ಹಿಂದಿನ ಕಾಯಿಲೆ, ಚಟ, ಜೀವನದ ಬಗ್ಗೆ ಏಕಾಂತದಲ್ಲಿ ಪ್ರಶ್ನಿಸುತ್ತಾರೆ. ಅಲ್ಲಿ ಮಾನಕ್ಕೆ ಅಂಜಿ ಸುಳ್ಳು ಹೇಳಿದರೆ ಅದರ ಬೆಲೆಯನ್ನು ಇನ್ನೊಬ್ಬರು ತೆರಬೇಕಾಗುತ್ತದೆ. ಕೊಡಲಾಗದು ಎಂದು ಮೌನವಾಗಿ ಹಿಂದೆ ಸರಿಯುವುದೂ ಪ್ರೀತಿಯ ಕಾರ್ಯವೇ.

ಮೂರನೆಯದು ಹಣ. ಸಂತ ಕೋಸ್ಮಸ್ ಮತ್ತು ದಮಿಯಾನರನ್ನು ಪೂರ್ವದ ಧರ್ಮಸಭೆಗಳು ಬೆಳ್ಳಿ ಮುಟ್ಟದವರು ಎಂಬ ಹೆಸರಿನಿಂದ ಗೌರವಿಸುತ್ತವೆ, ಏಕೆಂದರೆ ಅವರು ಚಿಕಿತ್ಸೆಗೆ ಹಣ ಪಡೆಯುತ್ತಿರಲಿಲ್ಲ. ಮಾನವ ದೇಹ ಸರಕಲ್ಲ ಎಂದು 2000ದ ಆಗಸ್ಟಿನಲ್ಲಿ ರೋಮಿನಲ್ಲಿ ಸೇರಿದ್ದ ಕಸಿ ತಜ್ಞರಿಗೆ ಎರಡನೇ ಜಾನ್ ಪಾಲರು ಒತ್ತಿ ಹೇಳಿದರು. ನಮ್ಮ ದೇಶದ 1994ರ ಅಂಗ ಕಸಿ ಕಾಯಿದೆಗೆ 2011ರಲ್ಲಿ ತಿದ್ದುಪಡಿ ತಂದು, ಮೂಳೆಯಂಥ ಅಂಗಾಂಶಗಳನ್ನೂ ಅದರಡಿ ಸೇರಿಸಲಾಗಿದೆ. ಅಂಗಾಂಶ ಬ್ಯಾಂಕುಗಳು ನೋಂದಣಿ ಮಾಡಿಸಿಕೊಳ್ಳಬೇಕು, ಅಂಗಾಂಶದ ಮಾರಾಟ ಶಿಕ್ಷಾರ್ಹ. ಪರೀಕ್ಷೆಗೆ, ಶೈತ್ಯಕ್ಕೆ, ಶುದ್ಧೀಕರಣಕ್ಕೆ ತಗಲುವ ವೆಚ್ಚವನ್ನು ಕೇಳುವುದು ಬೇರೆ, ಮೂಳೆಗೆ ಬೆಲೆ ಕಟ್ಟುವುದು ಬೇರೆ.

ಕುಂಟುವವರ ಮೇಲೂ ಆಶೀರ್ವಾದ

ಒಂದು ಮಾತನ್ನು ತಪ್ಪದೆ ಹೇಳಬೇಕು. ಈ ಚಿಕಿತ್ಸೆಯನ್ನು ಪಡೆಯಲೇಬೇಕೆಂಬ ಕಟ್ಟಳೆ ಯಾರ ಮೇಲೂ ಇಲ್ಲ. ಮರುಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ದೊಡ್ಡದು. ರಕ್ತಸ್ರಾವ, ಸೋಂಕು, ಮೂಳೆ ಮುರಿತದ ಅಪಾಯಗಳಿವೆ. ರಂಧ್ರಗಳಿರುವ ಲೋಹದ ತುಂಡುಗಳಂಥ ಬೇರೆ ಉಪಾಯಗಳೂ ಈಗ ಬಂದಿವೆ, ಯಾವುದು ತಕ್ಕದ್ದು ಎಂಬುದನ್ನು ಶಸ್ತ್ರವೈದ್ಯರೇ ನಿರ್ಧರಿಸಬೇಕು. ವಯಸ್ಸು, ಹೃದಯದ ಸ್ಥಿತಿ, ಮನೆಯ ಪರಿಸ್ಥಿತಿ ನೋಡಿ ಒಬ್ಬರು ಬೇಡವೆಂದರೆ ಅದು ಪಾಪವಲ್ಲ. ದೇವರೊಡನೆ ಹೋರಾಡಿದ ಯಕೋಬನ ತೊಡೆಯ ಕೀಲು ತಪ್ಪಿತು ಎಂದು ಆದಿಕಾಂಡ ತಿಳಿಸುತ್ತದೆ. ಅವನು ಕುಂಟುತ್ತಲೇ ನಡೆದನು, ಆಶೀರ್ವಾದ ಪಡೆದವನಾಗಿಯೇ ನಡೆದನು. ಆದರೆ ಭಯದಿಂದ, ಮೂಢನಂಬಿಕೆಯಿಂದ, ಜಾತಿಯ ಅಭಿಮಾನದಿಂದ ಬೇಡವೆನ್ನುವುದು ಬೇರೆ ಮಾತು.

ಮಕ್ಕಳೇ, ಸೊಸೆಯಂದಿರೇ, ಅಳಿಯಂದಿರೇ, ನಿಮಗೂ ಒಂದು ಮಾತು. ದಾನಿಯ ಚೂರುಗಳೊಳಗೆ ಜೀವ ನುಗ್ಗಲು ಸಮಯ ಬೇಕು. ಹಲವು ವಾರ ಹಿರಿಯರು ಊರುಗೋಲಿನ ಮೇಲೆ ಭಾರ ಹಾಕಿ, ಅಳೆದು ಹೆಜ್ಜೆಯಿಡಬೇಕು. ಆ ವಾರಗಳಲ್ಲಿ ಅವರ ಮಡಕೆ ತೆಗೆಯಲು, ಬಟ್ಟೆ ಬದಲಿಸಲು, ಬಿಸಿನೀರು ಕೊಡಲು ಯಾರಾದರೂ ಬೇಕು. ಅಪರಿಚಿತರೊಬ್ಬರು ತಮ್ಮ ಮೂಳೆಯನ್ನೇ ಕೊಟ್ಟಿರುವಾಗ, ಹೆತ್ತ ಮಕ್ಕಳು ತಮ್ಮ ಸಮಯವನ್ನು ಕೊಡಲಾರರೇ?

ನಾವೇನು ಮಾಡಬಹುದು?

1880ರ ಹೊತ್ತಿಗೆ ಸ್ಕಾಟ್‌ಲ್ಯಾಂಡಿನ ಗ್ಲಾಸ್ಗೊ ನಗರದಲ್ಲಿ ವಿಲಿಯಂ ಮಕ್ಯೂವನ್ ಎಂಬ ವೈದ್ಯರು, ಸೋಂಕಿನಿಂದ ತೋಳಿನ ಮೂಳೆ ಕಳೆದುಕೊಂಡ ಒಬ್ಬ ಪುಟ್ಟ ಹುಡುಗನಿಗೆ ಇತರರ ಮೂಳೆಯ ತುಣುಕುಗಳನ್ನು ಹಾಕಿ ತೋಳನ್ನು ಉಳಿಸಿದರು. ಆ ತುಣುಕುಗಳು ಎಲ್ಲಿಂದ ಬಂದವು ಗೊತ್ತೇ? ರಿಕೆಟ್ಸ್ ರೋಗದಿಂದ ಕಾಲು ಸೊಟ್ಟಗಾಗಿದ್ದ ಬಡ ಮಕ್ಕಳ ಕಾಲನ್ನು ನೆಟ್ಟಗೆ ಮಾಡುವಾಗ ಕತ್ತರಿಸಿ ತೆಗೆದ ಮೂಳೆಗಳಿಂದ. ಸೊಟ್ಟ ಮೂಳೆ ಇನ್ನೊಬ್ಬನ ನೆಟ್ಟ ತೋಳಾಯಿತು. ಕಟ್ಟುವವರು ಬೇಡವೆಂದು ಬಿಟ್ಟ ಕಲ್ಲನ್ನು ದೇವರು ಎತ್ತಿಕೊಳ್ಳುವ ಬಗೆ ಹೀಗೆಯೇ.

ನಮ್ಮಲ್ಲಿ ಅನೇಕರು, ನನ್ನಲ್ಲಿ ಕೊಡಲು ಏನಿದೆ, ವಯಸ್ಸಾಯಿತು, ಮೈಯೆಲ್ಲ ಸವೆದಿದೆ ಎನ್ನುತ್ತಾರೆ. ಸವೆದ ತೊಡೆಮೂಳೆಯ ತಲೆಯೂ ಬೇಕಾಗಿದೆ! ನಿಮಗೆ ಅಥವಾ ನಿಮ್ಮ ಮನೆಯವರಿಗೆ ಸೊಂಟದ ಕೀಲು ಬದಲಾಯಿಸುವ ದಿನ ಬಂದರೆ, ತೆಗೆದ ಮೂಳೆಯನ್ನು ದಾನ ಮಾಡಲು ಈ ಆಸ್ಪತ್ರೆಯಲ್ಲಿ ವ್ಯವಸ್ಥೆ ಇದೆಯೇ ಎಂದು ಮುಂಚಿತವಾಗಿಯೇ ಕೇಳಿ. ಇದ್ದರೆ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಟ್ಟು ಸಹಿ ಮಾಡಿ. ಮರಣಾನಂತರ ಅಂಗಗಳನ್ನೂ ಅಂಗಾಂಶಗಳನ್ನೂ ಕೊಡಲು ಇಚ್ಛೆಯಿದ್ದರೆ ಕರ್ನಾಟಕದಲ್ಲಿ ಸರ್ಕಾರದ ಜೀವಸಾರ್ಥಕತೆ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸಬಹುದು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಇಚ್ಛೆಯನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ, ಏಕೆಂದರೆ ಆ ಹೊತ್ತಿನಲ್ಲಿ ಉತ್ತರ ಕೊಡಬೇಕಾದವರು ಅವರು. ಪಡೆದವರಾದರೆ, ಹೆಸರು ತಿಳಿಯದ ಆ ದಾನಿಗಾಗಿ ದಿನಕ್ಕೊಂದು ಪ್ರಾರ್ಥನೆ ಸಲ್ಲಿಸಿ. ನವ್ಹೆಂಬರ್ 2ರಂದು ಸಮಾಧಿಗಳಿಗೆ ಮೇಣದ ಬತ್ತಿ ಹಚ್ಚುವಾಗ ಅವರಿಗಾಗಿಯೂ ಒಂದು ಹಚ್ಚಿ.

ಈ ವಾರ ಕುಟುಂಬದ ಜಪಸರದ ಕೊನೆಯಲ್ಲಿ ಹೀಗೆ ಪ್ರಾರ್ಥಿಸೋಣ: ಮಣ್ಣಿನಿಂದ ನಮ್ಮನ್ನು ರೂಪಿಸಿದ ತಂದೆಯೇ, ನಮ್ಮ ದೇಹ ನೀವು ಕೊಟ್ಟ ಕಾಣಿಕೆ. ಪಡೆಯುವಾಗ ಕೃತಜ್ಞತೆಯನ್ನೂ, ಕೊಡುವಾಗ ಸತ್ಯವನ್ನೂ ನಮಗೆ ಅನುಗ್ರಹಿಸಿರಿ. ಹೆಸರು ತಿಳಿಯದ ದಾನಿಗಳನ್ನು ನಿಮ್ಮ ಹಸ್ತದಲ್ಲಿ ಕಾಪಾಡಿರಿ. ನಡೆಯಲಾರದವರನ್ನು ನಡೆಸಿರಿ, ನಡೆಯುವವರನ್ನು ಅವರ ಬಳಿಗೆ ಕಳುಹಿಸಿರಿ. ನಮ್ಮ ಪ್ರಭು ಕ್ರಿಸ್ತರ ಮೂಲಕ. ಆಮೆನ್.